ಬಣಹಟ್ಟಿಯ ಹಾಯಿ ಕೊಚ್ಚಿಗೆ ಹೋದದ್ದು

ನಾನು ಶಾಲೆ ಬಿಟ್ಟದ್ದು 1936ರಲ್ಲಿ, ಕನ್ನಡ ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಆಮೇಲೆ ಹದಿನೈದು ವರ್ಷ ಎದ್ದೇ ಇಲ್ಲ ಅಂದರೂ ನಡೆದೀತು. ಅತ್ತ ಜಮಖಂಡಿ, ಇತ್ತ ಮುಧೋಳ, ಸಂತೆಗೆ ತೇರದಾಳ, ಇಷ್ಟರಲ್ಲೇ ನನ್ನ ಓಡಾಟ. ಅಂಥವನು ಓಟದ ಹಾಯಿಹಡಗಿನಲ್ಲಿ ಮುಂಬಯಿಯಿಂದ ಕೊಚ್ಚಿಯವರೆಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯಲ್ಲಿ ಅರ್ಧ ಜನ ಇಂದಿಗೂ ನಂಬುವುದಿಲ್ಲ. ನಂಬಿದ ಅರ್ಧ ಜನರಿಗೆ ಅದನ್ನೇ ಹೇಳಿ ಹೇಳಿ ನನಗೆ ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಬಾಯಿಗಾದರೂ ವಿಶ್ರಾಂತಿ ಸಿಕ್ಕೀತು ಎಂದು ಕೂತಿದ್ದೇನೆ.

ಮುಧೋಳದಲ್ಲಿ ನೂಲಿನ ವ್ಯಾಪಾರ ಮಾಡುವವರೊಬ್ಬರು ಮುಂಬಯಿಯ ಒಬ್ಬ ಸೇಠರಿಗೆ ನಮ್ಮ ಭಾಗದ ಬಟ್ಟೆ ಕಳಿಸುತ್ತಿದ್ದರು. ಆ ಸೇಠರಿಗೆ ಹಾಯಿಹಡಗಿನ ಹುಚ್ಚು. ಸರಕು ಸಾಗಿಸುವ ಹಡಗಲ್ಲ, ಬರೀ ಓಡುವ ಹಡಗು. ನಮ್ಮಲ್ಲಿ ಎತ್ತು ಕಟ್ಟಿ ಗಾಡಿ ಓಡಿಸುವಂತೆ ದೊಡ್ಡವರು ಸಮುದ್ರದಲ್ಲಿ ಅದನ್ನು ಓಡಿಸುತ್ತಾರೆ. ಆಗ ವಿಲಾಯತಿ ಹಾಯಿಬಟ್ಟೆ ತರಿಸಲು ಪರವಾನಗಿ ಸಿಗುತ್ತಿರಲಿಲ್ಲ, ಗಿರಣಿಯವರು ಅಷ್ಟು ಸಣ್ಣ ಕೆಲಸಕ್ಕೆ ಕೈಹಾಕಲಿಲ್ಲ. ಕೈಮಗ್ಗದಲ್ಲಿ ಒತ್ತಿ ನೇಯ್ದು ಕೊಡುವವರಿದ್ದಾರೆಯೇ ಎಂದು ಸೇಠರು ಕೇಳಿದರಂತೆ. ವ್ಯಾಪಾರಿ ನನ್ನ ಹೆಸರು ಹೇಳಿದರು. ನಾನು ಮತ್ತು ಪಕ್ಕದ ಮನೆಯ ಕಾಡಪ್ಪ ಎರಡು ಮಗ್ಗದಲ್ಲಿ ಎರಡು ತಿಂಗಳು ಕೂತು ಆರುನೂರು ವಾರ, ಅಂದರೆ ಆರುನೂರು ಗಜ, ನೇಯ್ದೆವು. ಮೊಳದಗಲ ಬಟ್ಟೆ. ಬೆಳಕಿಗೆ ಹಿಡಿದರೆ ಒಂದು ಚುಕ್ಕಿ ಬೆಳಕು ಕೂಡ ಈಚೆ ಬರಬಾರದು, ಹಾಗೆ ನೇಯ್ದದ್ದು. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರು ಹೇಳುತ್ತಾರೆ?

ಸೇಠರ ಮಾತು ಹೀಗಿತ್ತು. ಈ ಒಂದು ಹಾಯಿ ಕೊಚ್ಚಿಯವರೆಗಿನ ಪಂದ್ಯದಲ್ಲಿ ತಾಳಿದರೆ ಅವರ ಹಡಗಿನ ಉಳಿದ ಹಾಯಿಗಳಿಗೂ, ಅವರ ಇಬ್ಬರು ಗೆಳೆಯರ ಹಡಗುಗಳಿಗೂ ನಮ್ಮಲ್ಲೇ ನೇಯಿಸುವುದು. ಅಂದರೆ ನಮ್ಮ ಓಣಿಯ ಆರು ಮಗ್ಗಕ್ಕೆ ಎರಡು ವರ್ಷದ ಕೆಲಸ. ಆ ವರ್ಷ ಆರರಲ್ಲಿ ನಾಲ್ಕು ಮಗ್ಗ ಸುಮ್ಮನೆ ಕೂತಿದ್ದವು. ನೂಲು ಸರಿಯಾಗಿ ಸಿಗುತ್ತಿರಲಿಲ್ಲ, ನೇಯ್ದ ಸೀರೆ ಹೋಗುತ್ತಿರಲಿಲ್ಲ. ಸೇಠರದು ಇನ್ನೊಂದು ಷರತ್ತೂ ಇತ್ತು. ನೇಯ್ದವನು ತಾನೇ ಹಡಗು ಹತ್ತಬೇಕು, ಹರಿದರೆ ಅಲ್ಲೇ ಹೊಲಿಯಬೇಕು, ಹೊಲಿಗೆ ಇಲ್ಲದಾಗ ಎಲ್ಲರಂತೆ ಹಗ್ಗ ಎಳೆಯಬೇಕು. ಉಂಡು ಕೂಡುವವರಿಗೆ ಆ ಹಡಗಿನಲ್ಲಿ ಜಾಗವಿಲ್ಲ.

ಹೊಳೆ ದಾಟಲಿಕ್ಕೆ ಹೆದರುವವನು ಕಡಲಿಗೆ ಹೊರಟಿದ್ದಾನೆ ಎಂದು ನನ್ನ ಹೆಂಡತಿ ಗುರವ್ವ ನನಗೆ ಕೇಳುವ ಹಾಗೆ ಕಾಡಪ್ಪನ ಹೆಂಡತಿಯ ಮುಂದೆ ಹೇಳಿದಳು. ಹೊರಡುವಾಗ ರೊಟ್ಟಿಯ ಗಂಟು ಕೈಗೆ ಕೊಟ್ಟು ಇಷ್ಟೇ ಅಂದಳು:

“ಹರಿದ್ರ ಹೊಲೀರಿ. ಮುಳುಗಿದ್ರ ಮಾತ್ರ ಬಟ್ಟಿ ಬಿಟ್ಟು ನೀವು ಮ್ಯಾಲ ಬರ್ರಿ.”

ಸಂಕ್ರಾಂತಿಯ ಮರುದಿನ ಹೊರಟೆ. ಬಣಹಟ್ಟಿಯಿಂದ ಕುಡಚಿ ಸ್ಟೇಷನ್ನಿಗೆ ಮೋಟಾರಿಗೆ ಒಂದು ರೂಪಾಯಿ. ರಬಕವಿ, ತೇರದಾಳ, ಹಾರೂಗೇರಿ, ಎಲ್ಲ ಕಡೆ ನಿಂತು ನಿಂತು ಹೋಯಿತು. ಮೂರು ತಾಸಿನಲ್ಲಿ ಮೈಮೇಲೆ ಬಿದ್ದ ಧೂಳು ನೋಡಿದರೆ ನಾನು ರಸ್ತೆಯನ್ನೇ ಹೊದ್ದುಕೊಂಡು ಬಂದಂತಿತ್ತು. ಬಟ್ಟೆಯ ಮೂರು ಪಿಂಡಿ ಮೊದಲೇ ರೈಲಿನಲ್ಲಿ ಮುಂಬಯಿಗೆ ಹೋಗಿದ್ದವು. ಕುಡಚಿಯಿಂದ ಮುಂಬಯಿಗೆ ಮೂರನೆಯ ವರ್ಗಕ್ಕೆ ಎಂಟು ರೂಪಾಯಿ ಚಿಲ್ಲರೆ. ಕುಡಚಿ ಬಿಟ್ಟ ಸ್ವಲ್ಪ ಹೊತ್ತಿಗೆ ರೈಲು ಕೃಷ್ಣೆಯ ಸೇತುವೆ ಏರಿತು. ನೀರು ಇಳಿದಿತ್ತು, ಕಲ್ಲಂಗಡಿ ಬಳ್ಳಿ ಹಾಕಿದ್ದರು. ಆಮೇಲೆ ಮಿರಜ, ಅಲ್ಲಿಂದ ಕೂತೇ ಪುಣೆ, ಪುಣೆಯಲ್ಲಿ ಗಾಡಿ ಬದಲಿಸಿ ಮರುದಿನ ಮಧ್ಯಾಹ್ನ ಮುಂಬಯಿ. ಕೂತು ನೇಯುವವನಿಗೆ ಕೂಡುವುದು ಕಷ್ಟವಲ್ಲ ಅಂದುಕೊಂಡಿದ್ದೆ. ಇಳಿದಾಗ ಸೊಂಟ ಬೇರೆಯವರದಾಗಿತ್ತು.

ಗೋದಿಯಲ್ಲಿ, ಅಂದರೆ ಹಡಗು ನಿಲ್ಲುವ ಕಟ್ಟೆಯ ಹತ್ತಿರ, ನನ್ನನ್ನು ಕರೆಯಲು ಬಂದವನು ಮಾಳಪ್ಪ. ಆರಡಿ ಆಳು, ಹಣೆಯ ತುಂಬ ಭಂಡಾರದ ಅರಿಶಿನ. ಬೀಳಗಿ ಕಡೆಯ ಗಲಗಲಿಯವನು, ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಹೊಳೆಯ ದಂಡೆಯಲ್ಲೇ ಬೆಳೆದು ಕುರಿ ಬಿಟ್ಟು ನಾವೆಯ ಹುಟ್ಟು ಹಿಡಿದ, ಹುಟ್ಟು ಬಿಟ್ಟು ಮುಂಬಯಿಗೆ ಬಂದ. ಆರು ವರ್ಷದಿಂದ ಸೇಠರ ಹಡಗಿನಲ್ಲಿದ್ದ. ಹಗ್ಗಗಳ ಜವಾಬ್ದಾರಿಯೆಲ್ಲ ಅವನದು. ಸೇಠರು ಅವನ ಮಾತಿಗೆ ಬೆಲೆ ಕೊಡುತ್ತಿದ್ದರು. ಕನ್ನಡ ಕೇಳಿ ತಿಂಗಳಾಗಿತ್ತೆಂದು ನನ್ನ ಗಂಟನ್ನು ತಾನೇ ಹೊತ್ತುಕೊಂಡ. ಒಳಗೆ ಶೇಂಗಾ ಹಿಂಡಿ ಇದೆಯೇ ಎಂದು ಮೂಸಿ ನೋಡಿದ. ನಾನು ಅವನಿಗಿಂತ ಎರಡು ವರ್ಷ ದೊಡ್ಡವನಿದ್ದೇನು, ಅಂದಿನಿಂದಲೇ ಮಾಮಾ ಆದೆ.

ಹಡಗು ಎಪ್ಪತ್ತು ಅಡಿ ಉದ್ದ, ಎರಡು ಕಂಬ. ಮುಂದಿನ ಕಂಬದ ತುದಿ ನೋಡಲು ತಲೆಯ ಮೇಲಿನ ಟೋಪಿ ಹಿಡಿದುಕೊಳ್ಳಬೇಕು. ಮೈಯೆಲ್ಲ ಸಾಗವಾನಿ, ಕನ್ನಡಿಯಂತೆ ಉಜ್ಜಿದ್ದರು. ಹೆಸರು ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಓದಲು ಬರಲಿಲ್ಲ, ಕೇಳಲು ಮನಸ್ಸಾಗಲಿಲ್ಲ. ಎಂಟು ದಿನ ಒಂದು ಗೋದಾಮಿನ ನೆಲದ ಮೇಲೆ ಇಬ್ಬರು ಹಾಯಿ ಹೊಲಿಯುವವರ ಜೊತೆ ಮಂಡಿಯೂರಿ ನನ್ನ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಜೋಡಿಸಿದೆ. ಹೊಲಿದಾದ ಮೇಲೆ ಅದು ನಮ್ಮ ಓಣಿಯ ಎಲ್ಲ ಅಂಗಳ ಮುಚ್ಚುವಷ್ಟಿತ್ತು. ಗಾಳಿ ಹಿಂದಿನಿಂದ ಬಂದಾಗ ಹಡಗಿನ ಮೂತಿಯ ಮುಂದೆ ಹೊಟ್ಟೆ ಉಬ್ಬಿಸಿ ನಿಲ್ಲುವ ಹಾಯಿ ಅದು. ಉಬ್ಬುಹಾಯಿ ಎಂದೇ ಇಟ್ಟುಕೊಳ್ಳೋಣ.

ಪಂದ್ಯ ಮೂರೇ ಹಡಗುಗಳದು. ನಮ್ಮ ಸೇಠರದೊಂದು, ಗೆಳೆಯರವು ಎರಡು. ಮುಂಬಯಿಯಿಂದ ಕೊಚ್ಚಿಗೆ ಸುಮಾರು ಆರುನೂರು ಮೈಲಿ. ನಮ್ಮ ಹಡಗಿನಲ್ಲಿ ಹದಿನಾಲ್ಕು ಜನ. ಸೇಠರೇ ಚುಕ್ಕಾಣಿ ಹಿಡಿಯುವವರು. ಅರವತ್ತರ ಹತ್ತಿರದ ತೆಳ್ಳಗಿನ ಮನುಷ್ಯ. ಬೈಯುವುದಿಲ್ಲ, ಕೂಗುವುದಿಲ್ಲ, ಒಂದೇ ಸಲ ಹೇಳುತ್ತಾರೆ. ನನ್ನ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದರು. ನಮ್ಮ ಕಡೆಯವರಿಗೆ ಮರಾಠಿ ಹೊಸದಲ್ಲ.

ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರು. ಮಧ್ಯಾಹ್ನದವರೆಗೆ ಗಾಳಿ ಇರಲಿಲ್ಲ, ಹಡಗು ಹೊಲದ ಬದುವಿನ ಮೇಲೆ ಮಲಗಿದ ಎಮ್ಮೆಯಂತೆ ತೂಗುತ್ತಿತ್ತು. ಆ ತೂಗಾಟಕ್ಕೇ ನಾನು ಅಂಚು ಹಿಡಿದು ಬಗ್ಗಿದೆ. ಗುರವ್ವ ಕಟ್ಟಿದ ರೊಟ್ಟಿ, ಮುಂಬಯಿಯ ಚಹಾ, ಎಲ್ಲ ಕಟಕಟೆಯಾಚೆ ಹೋಯಿತು. ಮಾಳಪ್ಪ ಪಕ್ಕದಲ್ಲಿ ಹಗ್ಗ ಸುತ್ತುತ್ತಾ ನೋಡುತ್ತಿದ್ದ.

“ಮಾಮಾ, ಮೀನಕ್ಕ ಬಣಹಟ್ಟಿ ರೊಟ್ಟಿ ರುಚಿ ಹತ್ತಿಸಬ್ಯಾಡ,” ಅಂದ. “ನಾಳಿಂದ ನನಗ ಯಾವ ಮೀನೂ ಸಿಗಾಂಗಿಲ್ಲ.”

ಮೂರು ಗಂಟೆಗೆ ವಾಯವ್ಯದ ಗಾಳಿ ಬಂತು. ಆಮೇಲೆ ವಿಶ್ರಾಂತಿ ಎಂಬುದೇ ಇಲ್ಲ. ನಾಲ್ಕು ತಾಸು ಕೆಲಸ, ನಾಲ್ಕು ತಾಸು ನಿದ್ದೆ, ಹೀಗೆ ಪಾಳಿ. ಹೆಸರಿಗೆ ಅದು ನಿದ್ದೆ. ಒದ್ದೆ ಹಾಸಿಗೆ, ಒದ್ದೆ ಅಂಗಿ, ಪಕ್ಕದಲ್ಲಿ ಯಾರದೋ ಒದ್ದೆ ಕಾಲು. ಕಣ್ಣು ಹತ್ತುವಷ್ಟರಲ್ಲಿ ಹಾಯಿ ಬದಲಿಸಲು ಎಬ್ಬಿಸುತ್ತಾರೆ. ಊಟಕ್ಕೆ ಅನ್ನ, ಬೇಳೆ, ಡಬ್ಬಿಯ ಬಿಸ್ಕೀಟು. ಉಳಿದವರಿಗೆ ಮೀನು. ನಾನು ಅನ್ನವನ್ನು ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಉಣ್ಣುತ್ತಿದ್ದೆ, ವಾಸನೆ ತಾಗದಂತೆ. ದಿನವಿಡೀ ಲಾಳಿ ಹೊಡೆದರೂ ನೋಯದ ತೋಳು ಎರಡನೆಯ ದಿನದ ಹೊತ್ತಿಗೆ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಉಪ್ಪುನೀರು ಬೆರಳಿನ ಸಂದಿಗಳನ್ನು ಸೀಳಿತ್ತು.

ಎರಡನೆಯ ದಿನ ಮಧ್ಯಾಹ್ನ ಗಾಳಿ ಪೂರ್ತಿ ಬೆನ್ನಿಗೆ ಬಂದಾಗ ಸೇಠರು ನನ್ನ ಕಡೆ ನೋಡಿ ತಲೆಯಾಡಿಸಿದರು. ಆರು ಜನ ಸೇರಿ ಉಬ್ಬುಹಾಯಿ ಏರಿಸಿದೆವು. ಒಂದು ಗಳಿಗೆ ಅದು ಒಣಹಾಕಿದ ಸೀರೆಯಂತೆ ಪಟಪಟ ಬಡಿದುಕೊಂಡಿತು. ಆಮೇಲೆ ಗಾಳಿ ತುಂಬಿತು. ಆ ಸದ್ದನ್ನು ಹೇಗೆ ಬರೆಯುವುದೋ ತಿಳಿಯದು. ಫಿರಂಗಿ ಅಂದರೂ ಅಲ್ಲ, ಗುಡುಗು ಅಂದರೂ ಅಲ್ಲ. ಆರುನೂರು ವಾರ ಬಟ್ಟೆ ಒಂದೇ ಉಸಿರು ಎಳೆದುಕೊಂಡ ಸದ್ದು. ಹಡಗು ಮುಂದಕ್ಕೆ ನೆಗೆಯಿತು. ನಿಂತವರೆಲ್ಲ ಹಿಂದಕ್ಕೆ ಜೋಲಿ ಹೊಡೆದರು. ಎರಡೂ ಬದಿಗೆ ನೀರು ನೇಗಿಲು ಹೊಡೆದ ಮಣ್ಣಿನಂತೆ ಮಗುಚಿ ಬೀಳುತ್ತಿತ್ತು. ತೆರೆಯ ಬೆನ್ನೇರಿದಾಗ ಕೆಳಗಿನ ಹಲಗೆಯೆಲ್ಲ ಗುನುಗುಟ್ಟುತ್ತಿತ್ತು, ಆ ಗುನುಗು ಅಂಗಾಲಿನಿಂದ ಹಲ್ಲಿನವರೆಗೆ ಬರುತ್ತಿತ್ತು. ಗಂಟೆಗೆ ಹನ್ನೆರಡು ಮೈಲಿ ಎಂದು ಯಾರೋ ಓದಿ ಹೇಳಿದರು. ನಮ್ಮ ಮೋಟಾರು ಅದಕ್ಕಿಂತ ಜೋರು ಹೋಗುತ್ತದೆ, ಗೊತ್ತಿದೆ. ಆದರೆ ಮೋಟಾರಿನಲ್ಲಿ ನಾವು ಕೂತಿರುತ್ತೇವೆ. ಇಲ್ಲಿ ಓಡಿಸುವ ಹಗ್ಗ ನಮ್ಮ ಕೈಯಲ್ಲೇ ಇತ್ತು, ಗಾಳಿ ಎಳೆದರೆ ನಮ್ಮ ತೋಳನ್ನೇ ಎಳೆಯುತ್ತಿತ್ತು. ನೋವು, ವಾಂತಿ, ಒದ್ದೆ, ಎಲ್ಲ ಮರೆತೆ. ಹದಿನಾಲ್ಕು ಜನ ತಲೆಯೆತ್ತಿ ನನ್ನ ಬಟ್ಟೆಯನ್ನೇ ನೋಡುತ್ತಿದ್ದರು. ಮೀಸೆ ಬಂದ ಮೇಲೆ ಗಂಡಸು ಅಳಬಾರದು. ಉಪ್ಪುನೀರು ಹೇಗೂ ಮುಖದ ಮೇಲೆ ಇತ್ತು.

ಸಂಜೆಗೆ ಉಳಿದೆರಡು ಹಡಗು ಹಿಂದೆ ಬಿದ್ದಿದ್ದವು. ಗೋವೆಯ ಬೆಟ್ಟಗಳು ಎಡಕ್ಕೆ ನೀಲಿಯಾಗಿ ಕಂಡವು. ಅದು ಪೋರ್ತುಗೀಜರ ಸೀಮೆಯೆಂದು ದಂಡೆಯಿಂದ ಬಹಳ ದೂರ ಇದ್ದೆವು.

ಆ ಹೊತ್ತಿನಲ್ಲೇ ಮಾಳಪ್ಪ ನನಗೆ ಹಗ್ಗಕ್ಕೆ ಹಗ್ಗ ಜೋಡಿಸುವ ಗಂಟು ಕಲಿಸಲು ಕೂತ. ಅವನು ಅರ್ಧ ಹಾಕುವಷ್ಟರಲ್ಲಿ ನಾನು ಹಾಕಿ ತೋರಿಸಿದೆ. ಅದು ನಾವು ಹರಿದ ಎಳೆ ಜೋಡಿಸಲು ದಿನಕ್ಕೆ ನೂರು ಸಲ ಹಾಕುವ ಗಂಟೇ. ಸಮುದ್ರದ ಗಂಟು ನಿನಗೆ ಯಾರು ಕಲಿಸಿದರು ಎಂದು ಅವನು, ಮಗ್ಗದ ಗಂಟನ್ನು ನೀವು ಯಾವಾಗ ಕದ್ದಿರಿ ಎಂದು ನಾನು. ಹತ್ತಿರವಿದ್ದ ಕೊಂಕಣದ ಖಲಾಸಿಗಳೂ ನಕ್ಕರು. ಆದರೆ ಒಂದು ವ್ಯತ್ಯಾಸವಿತ್ತು. ಅವನು ಗಂಟಿನ ಆಚೆ ಗೇಣುದ್ದ ಬಾಲ ಬಿಟ್ಟಿದ್ದ.

“ಬಾಲ ಕೊಯ್ಯಬ್ಯಾಡ ಮಾಮಾ, ಗೇಣರ ಇರ್ಲಿ,” ಅಂದ.

ನಾನು ಹೂಂ ಅಂದೆ, ಮನಸ್ಸಿನಲ್ಲಿ ಬೇರೆ ಅಂದುಕೊಂಡೆ. ನಮ್ಮಲ್ಲಿ ಬಾಲ ಬಿಟ್ಟ ಗಂಟೆಂದರೆ ಕಲಿಯದ ಕೈ. ಗಂಟು ಮಗ್ಗದ ಹಣಿಗೆಯ ಹಲ್ಲಿನ ನಡುವೆ ಹಾದು ಹೋಗಬೇಕು, ಬಾಲ ಇದ್ದರೆ ಪಕ್ಕದ ಎಳೆಯನ್ನೂ ಎಳೆದು ಹರಿಯುತ್ತದೆ. ಅದಕ್ಕೆ ಗಂಟು ಹಾಕಿದ ಕೈಯೇ ಬಾಲ ಕತ್ತರಿಸುತ್ತದೆ, ಎರಡು ಕೆಲಸವಲ್ಲ, ಒಂದೇ ಕೆಲಸ. ನನ್ನ ಅಪ್ಪ ಬಾಲ ಉಳಿದ ಗಂಟು ಕಂಡರೆ ಕೈಗೆ ಹೊಡೆಯುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಮತ್ತೆ ಉಬ್ಬುಹಾಯಿ ಏರಿಸಲು ಹೊರಟೆವು. ಗಾಳಿ ನಿನ್ನೆಗಿಂತ ಬಿರುಸು. ಹಾಯಿಯ ಕೆಳಗಿನ ಎರಡು ಮೂಲೆಗೆ ಎರಡು ಹಗ್ಗ, ಅವುಗಳಿಂದಲೇ ಅದನ್ನು ಹಿಡಿದಿಡುವುದು. ಹೊಸ ಹಾಯಿ ಹಳೆಯದಕ್ಕಿಂತ ದೊಡ್ಡದಾದ್ದರಿಂದ ಒಂದು ಹಗ್ಗ ನಿನ್ನೆ ಹೇಗೋ ಮುಟ್ಟಿತ್ತು, ಈ ಬಿರುಸಿಗೆ ಸಾಲುತ್ತಿರಲಿಲ್ಲ. ಮಾಳಪ್ಪ ಕಂಬದ ಬುಡದಲ್ಲಿದ್ದ. ಒಂದು ತುಂಡು ಜೋಡಿಸೆಂದು ನನಗೆ ಕೂಗಿ ಹೇಳಿದ. ನಾನು ಜೋಡಿಸಿದೆ. ಚೆನ್ನಾಗಿ ಬಿಗಿದೆ. ಗಂಟು ಹಾಯಿಯ ಅಂಚಿಗೆ ಹತ್ತಿರ ಬರುತ್ತಿತ್ತು. ಒರಟು ಹಗ್ಗದ ಗೇಣುದ್ದ ಬಾಲ ನನ್ನ ಬಟ್ಟೆಗೆ ಬಡಿದು ಉಜ್ಜೀತು ಅನ್ನಿಸಿತು. ಸೊಂಟದಲ್ಲಿದ್ದ ಚಾಕು ತೆಗೆದು ಎರಡೂ ಬಾಲ ಕೊಯ್ದೆ, ಜೋಳದ ಕಾಳಿನಷ್ಟು ಉಳಿಸಿ. ನೋಡಲಿಕ್ಕೆ ಬಹಳ ಚೆಂದ ಇತ್ತು.

ಆ ಗಂಟು ಅರ್ಧ ತಾಸು ಹಿಡಿದು ನಿಂತಿತು. ನೂಲಿನ ಎಳೆ ಒಮ್ಮೆ ಬಿಗಿದರೆ ಬಿಗಿದೇ ಇರುತ್ತದೆ. ಒದ್ದೆ ಹಗ್ಗಕ್ಕೆ ಜೀವ ಇರುತ್ತದೆ, ಗಾಳಿ ಎಳೆದಾಗೆಲ್ಲ ಒಂದು ಕೂದಲೆಳೆ ಜಾರುತ್ತದೆ. ಜಾರಲು ಉಳಿದದ್ದೇ ಕಾಳಿನಷ್ಟು. ಒಂದು ದೊಡ್ಡ ತೆರೆಯಿಂದ ಹಡಗು ಇಳಿಯುವಾಗ ಟಪ್ ಎಂದಿತು. ಹಾಯಿಯ ಒಂದು ಮೂಲೆ ಬಿಟ್ಟುಹೋಗಿ, ಅಷ್ಟೂ ಬಟ್ಟೆ ಮುಂದೆ ಧ್ವಜದಂತೆ ಬಡಿಯತೊಡಗಿತು. ಕಂಬ ಮುರಿಯುತ್ತದೆ ಎಂದು ಸೇಠರು ಇಳಿಸಲು ಹೇಳಿದರು. ಮಾಳಪ್ಪ ಇಳಿಸುವ ಹಗ್ಗ ಹಿಡಿದ. ಗಾಳಿಯ ಸೆಳೆತಕ್ಕೆ ಅದು ಅವನ ಅಂಗೈಯೊಳಗೆ ಸರ್ರನೆ ಓಡಿತು, ಅವನು ಬಿಡಲಿಲ್ಲ. ಹಾಯಿ ನೀರಿಗೆ ಬಿತ್ತು. ಹಡಗು ಅದರ ಮೇಲೆಯೇ ಹಾದು, ಬಟ್ಟೆ ಚುಕ್ಕಾಣಿಗೆ ಸುತ್ತಿಕೊಂಡು ನಿಂತಿತು.

ಬಿಡಿಸಲು ಮೂರು ತಾಸು ಬೇಕಾಯಿತು. ಇಬ್ಬರು ಖಲಾಸಿಗಳು ನೀರಿಗಿಳಿದು ಕೊಯ್ದು ಕೊಯ್ದು ತೆಗೆದರು. ಅಷ್ಟರಲ್ಲಿ ಹಿಂದಿದ್ದ ಎರಡೂ ಹಡಗುಗಳು ನಮ್ಮನ್ನು ದಾಟಿ ಹೋದವು. ಎರಡನೆಯದರಲ್ಲಿದ್ದವರು ಟೋಪಿ ತೆಗೆದು ಬೀಸಿದರು. ಮಾಳಪ್ಪನ ಎರಡೂ ಅಂಗೈಯ ಚರ್ಮ ಕಿತ್ತು ಬಂದಿತ್ತು. ಎಣ್ಣೆ ಸವರಿ ಬಟ್ಟೆ ಸುತ್ತಿದೆ. ಗಂಟು ಬಿಚ್ಚಿಹೋದ ಹಗ್ಗದ ತುದಿಯನ್ನು ಅವನು ಮೊಣಕೈಯಿಂದ ಹತ್ತಿರಕ್ಕೆ ಎಳೆದುಕೊಂಡು ನೋಡಿದ. ಚಾಕುವಿನಿಂದ ನೀಟಾಗಿ ಕೊಯ್ದ ತುದಿ. ಅವನ ಮನೆಯಲ್ಲಿಯೂ ಕಂಬಳಿ ನೇಯುತ್ತಾರೆ, ಅವನಿಗೆ ಬೇರೆ ಹೇಳಬೇಕಾಗಿರಲಿಲ್ಲ.

“ಕೊಯ್ದಿ?”

“ಹೂಂ.”

“ಇದೇನ್ ಹಣಿಗ್ಯಾಗ ಹಾಯೂದಿತ್ತೇನ್ ಮಾಮಾ?” ಅಂದ, ಅಷ್ಟೇ. ಸಿಟ್ಟಿನಿಂದ ಅಂದಿದ್ದರೆ ನನಗೆ ಸಲೀಸಾಗುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಕೊಚ್ಚಿ ಸೇರಿದೆವು. ಮೂರರಲ್ಲಿ ಮೂರನೆಯವರು. ದಂಡೆಯ ಉದ್ದಕ್ಕೂ ತೆಂಗು, ನೀರಿನ ಮೇಲೆ ದೊಡ್ಡ ದೊಡ್ಡ ಬಲೆಗಳು ಕಾಲು ಮಡಚಿ ನಿಂತಿದ್ದವು. ಬಿಸಿಲು ಮುಖಕ್ಕೆ ಒದ್ದೆ ಕಂಬಳಿ ಹಾಕಿದಂತಿತ್ತು. ನೆಲಕ್ಕೆ ಕಾಲಿಟ್ಟರೆ ನೆಲವೇ ತೂಗುತ್ತಿತ್ತು.

ಸೇಠರು ಹರಿದ ಹಾಯಿಯನ್ನು ಕಲ್ಲಿನ ಕಟ್ಟೆಯ ಮೇಲೆ ಹಾಸಿಸಿ ಒಂದೊಂದೇ ಪಟ್ಟಿ ಮುಟ್ಟಿ ನೋಡಿದರು. ಚುಕ್ಕಾಣಿಯ ಕಬ್ಬಿಣ ಸೀಳಿದ ಕಡೆ ಮತ್ತು ಚಾಕು ಹಾಕಿದ ಕಡೆ ಬಿಟ್ಟರೆ ಒಂದು ಎಳೆ ಸರಿದಿರಲಿಲ್ಲ. ಬಟ್ಟೆ ಪಾಸಾಯಿತು, ಮುಧೋಳಕ್ಕೆ ಕಾಗದ ಬರೆಯುತ್ತೇನೆ, ಮೂರೂ ಹಡಗಿಗೆ ನೇಯಲು ಸಿದ್ಧವಾಗು ಎಂದರು. ಆಮೇಲೆ ಹಗ್ಗದ ತುದಿ ಎತ್ತಿ, ಇದನ್ನು ಜೋಡಿಸಿದವರು ಯಾರು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾಳಪ್ಪ ತಾನು ಅಂದ. ಹಗ್ಗ ಅವನ ಜವಾಬ್ದಾರಿ, ನೋಡದೆ ಬಿಟ್ಟದ್ದು ಅವನ ತಪ್ಪೇ ಎಂದು ಅವನ ಲೆಕ್ಕ. ಸೇಠರು ಬಹಳ ಹೊತ್ತು ಅವನ ಸುತ್ತಿದ ಕೈಗಳನ್ನು ನೋಡಿದರು. ಆರು ವರ್ಷದ ಮೇಲೆ ಇಂಥ ತಪ್ಪು ಮಾಡುವವನನ್ನು ನಂಬಿ ಕಡಲಿಗೆ ಹೋಗಲಾಗದು, ಕೈ ವಾಸಿಯಾಗುವವರೆಗಿನ ಸಂಬಳ ತೆಗೆದುಕೊಂಡು ಇಲ್ಲೇ ಇಳಿದುಬಿಡು ಎಂದರು.

ನಾನು ತೆರೆದ ಬಾಯಿ ಮುಚ್ಚಿದೆ.

ಅವರು ಹೋದ ಮೇಲೆ ಮಾಳಪ್ಪನಿಗೆ ಹೇಳಿದೆ, ಹೋಗಿ ಖರೆ ಹೇಳುತ್ತೇನೆ ಎಂದು. ಅವನು ಬೀಡಿ ಹಚ್ಚಿ ತನ್ನ ತುಟಿಗಿಡಲು ಹೇಳಿದ.

“ಆರ್ ಮಗ್ಗ ಅದಾವಲ್ಲ ನಿಂದು,” ಅಂದ. “ನಂದು ಒಂದ ಹೊಟ್ಟಿ. ಒಂದ ಹಡಗ ಹ್ವಾದ್ರ ಇನ್ನೊಂದ ಸಿಕ್ಕೀತು. ಸುಮ್ಕ ಕುಂಡ್ರು.”

ಸುಮ್ಮನೆ ಕೂತೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಕೂತೆ. ಬಾಳೆಲೆಯ ಊಟ ಮೂರಾಣೆಗೆ ಒಂದು ಕಡೆ ಸಿಕ್ಕಿತು, ಹೊಟ್ಟೆ ತುಂಬ ಉಂಡೆ. ಅವನಿಗೆ ನಾನೇ ತುತ್ತು ಮಾಡಿ ಹಾಕಿದೆ. ಅವನ ಕೈ ನೋಡಿದರೆ ಯಾವ ಹಡಗಿನವರೂ ತಿಂಗಳೊಪ್ಪತ್ತು ಕೆಲಸ ಕೊಡುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮರುದಿನ ಮಧ್ಯಾಹ್ನದವರೆಗೆ ಆರು ಮಗ್ಗ, ಆರು ಮನೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಡಪ್ಪನ ಮುಖ ಕಣ್ಣ ಮುಂದೆ ತಂದುಕೊಂಡೆ. ಅದು ಬರುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಮಾಳಪ್ಪ ಹಡಗಿನಿಂದ ತನ್ನ ಟ್ರಂಕು ಇಳಿಸುತ್ತಿದ್ದ. ಹಿಡಿಕೆಯನ್ನು ಅಂಗೈಯಲ್ಲಿ ಹಿಡಿಯಲಾಗದೆ ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ಅದನ್ನು ನೋಡಿದ ಮೇಲೆ ಎದ್ದೆ.

ಸೇಠರು ತಂಗಿದ್ದ ಬಂಗಲೆಯ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಗಂಟು ನನ್ನದು ಎಂದೆ. ಅವರು ನಂಬಲಿಲ್ಲ. ಗೆಳೆಯನನ್ನು ಉಳಿಸಲು ಹೇಳುತ್ತಿದ್ದೇನೆ ಅಂದುಕೊಂಡರು. ಕಿಟಕಿಯ ಪರದೆಯ ದಾರ ಕೇಳಿ ಪಡೆದು, ಅವರ ಮುಂದೆಯೇ ಗಂಟು ಹಾಕಿದೆ. ಕೈ ತಾನಾಗಿ ಚಾಕುವಿಗೆ ಹೋಯಿತು, ಬಾಲ ಕೊಯ್ದಿತು. ಅವರು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಜಗ್ಗುತ್ತಾ ಬಿಡುತ್ತಾ ನಾಲ್ಕಾರು ಸಲ ನೋಡಿದರು. ಗಂಟು ಕಳಚಿ ಅವರ ಮಡಿಲಲ್ಲಿ ಬಿತ್ತು.

“ನಿನ್ನೆ ಯಾಕೆ ಹೇಳಲಿಲ್ಲ?” ಅಂದರು.

ಆರು ಮಗ್ಗದ ಮಾತು ಹೇಳಿದೆ. ಇಪ್ಪತ್ತು ದಿನದಲ್ಲಿ ಮೊದಲ ಸಲ ನನ್ನ ಮರಾಠಿ ತೊದಲಿತು.

ಅವರು ಚಹಾ ಮುಗಿಸಿದರು. ಮಾಳಪ್ಪನಿಗೆ ಟ್ರಂಕು ಮತ್ತೆ ಹಡಗಿಗೆ ಏರಿಸಲು ಹೇಳಿಕಳಿಸಿದರು. ನನಗೆ ಕೂಡ್ರಲು ಹೇಳದೆ ಮಾತಾಡಿದರು. “ಬಟ್ಟೆ ಒಳ್ಳೆಯದು. ನನ್ನ ಹಡಗಿಗೆ ನೀನೇ ನೇಯಿ. ಗೆಳೆಯರಿಗೆ ಮಾತ್ರ ನಿನ್ನ ಹೆಸರು ಹೇಳಲಾರೆ. ಗಂಟು ತಪ್ಪಿತು, ಅದು ಕೈಯ ಅಭ್ಯಾಸ, ಅದಕ್ಕಲ್ಲ. ಒಂದು ದಿನ ಸುಮ್ಮನಿದ್ದೆಯಲ್ಲ, ಅದಕ್ಕೆ.” ಹಿಂತಿರುಗುವಾಗ ಹಡಗು ಹತ್ತುವುದು ಬೇಡ ಎಂದೂ ಹೇಳಿದರು. ರೈಲಿನ ಖರ್ಚು ಕೊಡಿಸಿದರು. ನಾನು ಬೇಡವೆನ್ನಬೇಕಿತ್ತು, ಅಷ್ಟು ಬಲ ಉಳಿದಿರಲಿಲ್ಲ.

ಹಡಗು ಮೂರನೆಯ ದಿನ ಬಿಟ್ಟಿತು. ಕಟ್ಟೆಯ ಮೇಲೆ ನಿಂತು ನೋಡಿದೆ. ಹಳೆಯ ಹಾಯಿ ಹಾಕಿದ್ದರು. ಮಾಳಪ್ಪ ಸುತ್ತಿದ ಕೈ ಎತ್ತಿ, ಗಲಗಲಿಯಲ್ಲಿ ತನ್ನ ಅವ್ವನಿಗೆ ಕೈಯ ವಿಷಯ ಹೇಳಬೇಡವೆಂದು ನೀರಿನ ಮೇಲಿಂದ ಕೂಗಿದ. ಹಡಗು ಹೊರಗಿನ ಗಾಳಿಗೆ ಒಂದು ಕಡೆ ವಾಲಿ ವೇಗ ಹಿಡಿಯಿತು. ನನ್ನ ತೋಳು ತಾನಾಗಿಯೇ ಬಿಗಿಯಿತು, ಹಗ್ಗ ಅದರಲ್ಲೇ ಇದ್ದ ಹಾಗೆ.

ಎರ್ನಾಕುಲಂನಿಂದ ಗುಂತಕಲ್ಲು, ಗದಗ, ಬಾಗಲಕೋಟೆ, ನಾಲ್ಕು ಕಡೆ ಗಾಡಿ ಬದಲಿಸಿ ಮೂರು ದಿನ. ಕಿಟಕಿಯ ಹೊರಗೆ ಹಸಿರು ಕೆಂಪಾಗಿ, ಕೆಂಪು ಕಪ್ಪಾಗಿ ಎರೆಭೂಮಿ ಬಂದಾಗ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಬಾಗಲಕೋಟೆಯಿಂದ ಮೋಟಾರಿನಲ್ಲಿ ಬೀಳಗಿ. ಅಲ್ಲಿ ಎರಡು ತಾಸು ಬೇವಿನ ಕೆಳಗೆ ಕಾದು, ಇನ್ನೊಂದು ಮೋಟಾರಿನಲ್ಲಿ ಗಲಗಲಿ. ಮಾಳಪ್ಪನ ಅವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತಾ ಕೂತಿದ್ದಳು. ಮಜ್ಜಿಗೆ ಕೊಟ್ಟಳು. ಮಗ ಚೆನ್ನಾಗಿದ್ದಾನೆ, ಸೇಠರ ಹತ್ತಿರವೇ ಇದ್ದಾನೆ ಎಂದೆ. ಮುದುಕಿ ನನ್ನ ಮುಖ ನೋಡುತ್ತಲೇ ಇದ್ದಳು.

“ಚೆಂದ ಅದಾನಂತ ಹೇಳಾಕ ಬೀಳಗಿ ಮ್ಯಾಲ ಹಾದು ಯಾರ್ ಬರ್ತಾರೋ ಯಪ್ಪಾ?” ಅಂದಳು. “ಏನಾಗೇತಿ ಹೇಳು.”

ಮಾಳಪ್ಪ ಹೇಳಬೇಡವೆಂದಿದ್ದ. ಇನ್ನೊಮ್ಮೆ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಹಗ್ಗಕ್ಕೆ ಕೈ ಸುಲಿದದ್ದು, ಸುಲಿದದ್ದು ನನ್ನ ದೆಸೆಯಿಂದ, ಎರಡನ್ನೂ ಹೇಳಿದೆ. ಅವಳು ಉಣ್ಣೆ ಪಕ್ಕಕ್ಕೆ ಸರಿಸಿ ರೊಟ್ಟಿ ಬಡಿಯಲು ಎದ್ದಳು. ಉಂಡು ಹೋಗೆಂದಳು.

ಜಮಖಂಡಿಯಲ್ಲಿ ಮೋಟಾರು ಬದಲಿಸಿ ಸಂಜೆಗೆ ಬಣಹಟ್ಟಿ ಮುಟ್ಟಿದೆ. ಆರು ಮನೆಯವರೂ ನಮ್ಮ ಕಟ್ಟೆಗೆ ಬಂದು ಕೂತರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಕಾಡಪ್ಪ ಮಾತ್ರ ಕೊನೆಯವರೆಗೆ ಕೂತು, ಹಾಯಿ ಉಬ್ಬಿದಾಗ ಹೇಗಿತ್ತು ಎಂದು ಕೇಳಿದ. ಅವನಿಗೆ ಹೇಳಿದೆ. ಅವನು ನೇಯ್ದದ್ದೂ ಅದರಲ್ಲಿ ಅರ್ಧ ಇತ್ತು. ಗುರವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಹೇಳಿದ್ದು ಛಲೋ ಆತು,” ಅಂದಳು. “ಒಂದಿನ ಮೊದಲ ಹೇಳಿದ್ರ ನಾಕ್ ಮಗ್ಗ ಉಳೀತಿದ್ವು.”

ನಾನು ಎದ್ದು ಎಮ್ಮೆಗೆ ಮೇವು ಹಾಕಲು ಹೋದೆ.

ಸೇಠರ ಕೆಲಸ ಎರಡು ಮಗ್ಗಕ್ಕೆ ಬಂತು, ನನ್ನದು ಮತ್ತು ಕಾಡಪ್ಪನದು. ಉಳಿದ ನಾಲ್ಕರಲ್ಲಿ ಎರಡು ಬಿಚ್ಚಿ ಅಟ್ಟಕ್ಕೆ ಹೋದವು. ಒಂದು ಮನೆಯವರು ಸೊಲ್ಲಾಪುರಕ್ಕೆ ಹೋದರು. ಎದುರು ಸಿಕ್ಕರೆ ಎಲ್ಲರೂ ಮಾತಾಡಿಸುತ್ತಾರೆ.

ಈಗ ನನಗಿರುವುದು ಒಂದು ಮಗ್ಗ, ಮೂರು ಲಾಳಿ, ಎರಡು ಅಂಕಣದ ಮನೆ, ಒಂದು ಎಮ್ಮೆ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ವರ್ಷಕ್ಕೆ ಮುನ್ನೂರು ಗಜ ಹಾಯಿಬಟ್ಟೆಯ ಕೆಲಸ. ಮುಂಬಯಿಯಿಂದ ಮಾಳಪ್ಪ ಬರೆಯಿಸಿದ ಕಾಗದ ಎರಡು.